ಮುಳುಗಿದ ಹಡಗಿನ ಸೌಟು

ಚಿಕ್ಕಪ್ಪನಿಗೆ ನಮಸ್ಕಾರ.

ನಾನಿಂದು ಈ ಕಾರ್ಡು ಬರೆಯುತ್ತಿರುವುದೇ ನಿಮ್ಮ ಪುಣ್ಯದಿಂದ. ಎಷ್ಟೋ ವರ್ಷಗಳ ಹಿಂದೆ ಮುಳುಗಿದ ಹಡಗಿನ ಅಡುಗೆಕೋಣೆಯಲ್ಲಿ ನಿನ್ನೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮ್ಯೂಸಿಯಂಗಾಗಿ ಹುಡುಕುತ್ತಿದ್ದಾಗ ಹಳೆಯ ಬಲೆಯೊಂದು ಕಾಲಿಗೆ ಸುತ್ತಿಕೊಂಡು, ಎಳೆದಷ್ಟೂ ಬಿಗಿಯಾಯಿತು. ಈಜು ಕಲಿಸುವಾಗ ನೀವು ಗದರುತ್ತಿದ್ದಿರಲ್ಲ, "ಒದ್ದಾಡಬೇಡ ಕಣೇ, ಮುಳುಗಿಸೋದು ನೀರಲ್ಲ, ಗಾಬರಿ" ಅಂತ. ಅದು ನೆನಪಾಗಿ ಅಲುಗಾಡದೆ ನಿಂತೆ. ಆಮೇಲೆ ಚಾಕುವಿನಿಂದ ಒಂದೊಂದೇ ಎಳೆ ಕತ್ತರಿಸಿ, ಬದುಕಿದೆಯಾ ಬಡಜೀವವೇ ಎಂದು ಮೇಲೆ ಬಂದೆ.

ಕೈಯಲ್ಲಿದ್ದದ್ದು ಒಂದು ಹಿತ್ತಾಳೆ ಸೌಟು. "ಚಿನ್ನ ತಾ ಅಂದ್ರೆ ಸೌಟು ತಂದ್ಲು!" ಎಂದು ದೋಣಿಯವರೆಲ್ಲ ನಕ್ಕರು. ನಮ್ಮ ಜೊತೆ ದೋಣಿಯಲ್ಲಿದ್ದ ಮ್ಯೂಸಿಯಂ ಮೇಡಂ ಮಾತ್ರ ಅದರ ಹಿಡಿಯನ್ನು ಉಜ್ಜಿ ನೋಡಿ ಕಣ್ಣೊರೆಸಿಕೊಂಡರು. ಸತ್ತವರ ಪಟ್ಟಿಯಲ್ಲಿ ಬರೀ "ಅಡುಗೆಯವ" ಎಂದಿದ್ದವನ ಹೆಸರು ಅಲ್ಲಿ ಕೆತ್ತಿತ್ತು.

ಎಡಗಿವಿ ಗುಂಯ್ ಎನ್ನುತ್ತಿದೆ, ಔಷಧಿ ಹಾಕಿದ್ದೇನೆ. ಜಾಗ ಮುಗಿಯಿತು. ಅಮ್ಮ ಓದುವ ಮೊದಲೇ ಕಾರ್ಡನ್ನು ಬಚ್ಚಿಡಿ.

ನಿಮ್ಮ ಅಣ್ಣನ ಮಗಳು