ಹಿಂದಕ್ಕೆ ತಳ್ಳಿದ ಬೆರಳುಗಳು

ಹೆಸರಿಡುವ ಮೊದಲೇ ನನಗೆ ಪರಿಚಯವಾದವಳೇ,

ನಾನು ಹೆರಿಗೆ ವಾರ್ಡಿನ ನರ್ಸ್. ಬರುವವರಿಗೆ ದಾರಿ ಮಾಡಿಕೊಡುವುದು ನನ್ನ ಕೆಲಸ. "ಮುಕ್ಕು ತಾಯೀ, ಇನ್ನೊಂದೇ ಸಲ" ಎಂಬ ಸುಳ್ಳನ್ನು ಹೇಳುತ್ತಲೇ ನನ್ನ ಗಂಟಲು ಒರಟಾಗಿದೆ. ಮನೆಯಲ್ಲಿ ಕುಕ್ಕರ್ ಕೂಗಿದರೂ ಕೈಗವಸು ಹುಡುಕುತ್ತೇನೆ. ಗಂಡ ನಿದ್ದೆಯಲ್ಲಿ ನರಳಿದರೆ, "ಉಸಿರು ಬಿಡಿ, ಬಿಡಿ" ಎಂದು ಬೆನ್ನು ಸವರುತ್ತೇನಂತೆ.

ಕಣ್ಣಿನ ವಾರ್ಡಿಗೆ ವರ್ಗ ಕೇಳಿ ಕೇಳಿ ಸಾಕಾಗಿತ್ತು. ಅಲ್ಲಿ ಪರದೆ ಎಳೆದು, ಔಷಧಿಯ ಹನಿ ಹಾಕಿ, ಕಣ್ಣು ಮುಚ್ಚಿಕೊಳ್ಳಿ ಎಂದರೆ ಮುಗಿಯಿತು, ಯಾರೂ ಕಿರುಚುವುದಿಲ್ಲ. "ಅಲ್ಲಿ ಹೋಗಿ ತೂಕಡಿಸ್ತೀಯಾ ಅಷ್ಟೆ" ಎಂದು ಮೇಟ್ರನ್ ಪ್ರತಿ ಸಲ ನಗುತ್ತಿದ್ದರು. ನನಗೆ ಬೇಕಿದ್ದದ್ದೂ ಅದೇ. ನೀನು ಹುಟ್ಟಿದ ದಿನ ಅಲ್ಲೊಂದು ಜಾಗ ಖಾಲಿಯಾಗಿತ್ತು. ಮಧ್ಯಾಹ್ನದೊಳಗೆ ಆಫೀಸಿಗೆ ಹೋಗಿ ಒಪ್ಪಿಗೆ ಹೇಳಬೇಕು, ಇಲ್ಲವಾದರೆ ಅದು ಮಕ್ಕಳ ವಾರ್ಡಿನವಳ ಪಾಲು.

ಹೊರಡುವ ಮುನ್ನ ನಿನ್ನ ಅಮ್ಮನನ್ನು ಪರೀಕ್ಷಿಸಿದೆ. ಆಗಲೇ ನೀರೊಡೆಯಿತು. ನೀರಿನ ಜೊತೆ, ನಿನಗಿಂತ ಮುಂಚೆ, ಹೊಕ್ಕುಳಬಳ್ಳಿ ಜಾರಿ ನನ್ನ ಬೆರಳಿಗೆ ಬಂತು. ನೀನು ಇನ್ನೂ ಕೆಳಗಿಳಿದಿದ್ದರೆ ನಿನ್ನ ತಲೆಯೇ ಅದನ್ನು ಒತ್ತಿ ನಿನ್ನ ಜೀವ ತೆಗೆಯುತ್ತಿತ್ತು. ಒಳಗಿರುವ ಕೈಯನ್ನು ಅಲ್ಲೇ ಇಟ್ಟು, ಬರುತ್ತಿರುವ ಮಗುವನ್ನು ಹಿಂದಕ್ಕೆ ತಳ್ಳಿ ಹಿಡಿಯಬೇಕು, ಹೊಟ್ಟೆ ಕೊಯ್ದು ತೆಗೆಯುವವರೆಗೆ. ಬೇರೆ ದಾರಿಯಿಲ್ಲ.

ನಿನ್ನ ಅಮ್ಮ ಗಾಲಿ ಮಂಚದ ಮೇಲೆ ಮೊಣಕಾಲೂರಿ, ಮುಖವನ್ನು ದಿಂಬಿಗೆ ಒತ್ತಿಕೊಂಡಿದ್ದಳು. ಅವಳ ಹಿಂದೆ, ಅದೇ ಮಂಚದ ಮೇಲೆ, ನಾನು ಮುದುರಿ ಕುಳಿತಿದ್ದೆ. ಇಬ್ಬರ ಮೇಲೂ ಒಂದೇ ಹಸಿರು ಬಟ್ಟೆ. ಥಿಯೇಟರಿನಲ್ಲಿ ಬೇರೊಬ್ಬಳ ಹೊಟ್ಟೆ ಹೊಲಿಯುತ್ತಿದ್ದರು. ನಾವು ಬಾಗಿಲ ಹೊರಗೆ ಕಾದೆವು. ಬಟ್ಟೆಯೊಳಗೆ ನಮ್ಮದೇ ಉಸಿರಿನ ಸೆಕೆ. ಪ್ರತಿ ನೋವಿಗೂ ನೀನು ನನ್ನ ಬೆರಳುಗಳ ಮೇಲೆ ನುಗ್ಗುತ್ತಿದ್ದೆ. ನಿನಗೆ ಹೊರಬರಬೇಕಿತ್ತು, ನನಗೂ. ಕೈ ಮರಗಟ್ಟುತ್ತಾ ಬಂತು. ಮಿಡಿಯುತ್ತಿರುವುದು ನಿನ್ನ ಬಳ್ಳಿಯೋ ನನ್ನ ನಾಡಿಯೋ ತಿಳಿಯದಾಯಿತು.

ಆಯಾ ಬಟ್ಟೆಯ ಅಂಚೆತ್ತಿ ಮುಖ ತೂರಿಸಿದಳು. "ಸಿಸ್ಟರ್, ಆಫೀಸಿಂದ ಫೋನು. ಬರ್ತಾರೋ ಇಲ್ವೋ ಅಂತಿದ್ದಾರೆ. ಏನ್ ಹೇಳ್ಲಿ?"

"ಕೈ ಬಿಡುವಿಲ್ಲ ಅಂತ ಹೇಳು" ಎಂದೆ.

ಅವಳು ಕಿಸಕ್ಕನೆ ನಕ್ಕಳು. ದಿಂಬಿನೊಳಗಿಂದ ನಿನ್ನ ಅಮ್ಮ, "ಹೋಗ್ಬೇಡಿ ಅಕ್ಕಾ, ನಿಮ್ಮ ದಮ್ಮಯ್ಯ" ಎಂದಳು. ಹೋಗುವುದಾದರೂ ಹೇಗೆ? ಆ ಹೊತ್ತಿನಲ್ಲಿ ನಿನ್ನ ಮೇಲೆ ಮಮತೆ ಉಕ್ಕಿತು ಎಂದು ಬರೆದರೆ ಸುಳ್ಳಾದೀತು. ಕೈ ನನ್ನದಾಗಿರಲಿಲ್ಲ, ಅಷ್ಟೆ.

ಕೊನೆಗೂ ಬಾಗಿಲು ತೆರೆಯಿತು. ನಿನ್ನ ಅಮ್ಮನನ್ನು ಹೊರಳಿಸಿ ಮಲಗಿಸಿದರು, ಅರಿವಳಿಕೆ ಕೊಟ್ಟರು, ನಾನು ಬಟ್ಟೆಯ ಕೆಳಗೇ ಉಳಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಬಂದ ಇನ್ನೊಂದು ಕೈ ನಿನ್ನನ್ನು ನನ್ನ ಬೆರಳ ತುದಿಯಿಂದ ಎತ್ತಿಕೊಂಡಿತು. ಒಮ್ಮೆಲೇ ಹಗುರ. ನೀನು ಅತ್ತೆ. ನಾನು ಬಟ್ಟೆಯ ಕೆಳಗಿನಿಂದ ತೆವಳಿ ಹೊರಬಂದೆ.

ಜಾಗ ಮಕ್ಕಳ ವಾರ್ಡಿನವಳಿಗೆ ಹೋಯಿತು. ಮೇಟ್ರನ್ ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಇಂಥ ಕೈನ ಯಾವ ವಾರ್ಡಿಗೂ ಬಿಟ್ಕೊಡಲ್ಲ ನಾನು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಗಳಿಕೆಗೂ ಚಿಲಕವಿರುತ್ತದೆ, ಹಾಕುವವರು ಹೊರಗಿರುತ್ತಾರೆ. ಈಗ ವರ್ಗ ಕೇಳಲು ಹೋದರೆ ನಿನ್ನ ಕಥೆಯನ್ನೇ ನನಗೆ ಹೇಳಿ ವಾಪಸು ಕಳಿಸುತ್ತಾರೆ.

ಇವತ್ತು ನಿನ್ನ ಅಜ್ಜಿ ನಿನ್ನನ್ನೆತ್ತಿಕೊಂಡು ವಾರ್ಡಿಗೆ ಬಂದರು. ನಿನ್ನ ಹಣೆಯನ್ನು ನನ್ನ ಕೈಗೆ ತಾಗಿಸಿ, "ನೋಡೇ ಪುಟ್ಟಿ, ಇವರ ಋಣ ನೀನು ಸಾಯೋವರೆಗೂ ತೀರ್ಸೋಕಾಗಲ್ಲ" ಎಂದರು. ನೀನು ಆಕಳಿಸಿದೆ. ಒಳ್ಳೆಯದು ಮಾಡಿದೆ.

ನನಗೆ ನೀನೇನೂ ಕೊಡಬೇಕಿಲ್ಲ, ಮಗು. ಎದ್ದು ಹೋಗಲಾಗಲಿಲ್ಲ, ಅದಕ್ಕೇ ಅಲ್ಲಿದ್ದೆ. ನಾಳೆ ಯಾರಾದರೂ ನಿನ್ನನ್ನು ಕೂರಿಸಿ, "ನೀನು ಬದುಕಿದ್ದೇ ಹೆಚ್ಚು, ಹೇಳಿದ ಹಾಗೆ ಕೇಳ್ಕೊಂಡು ಬಿದ್ದಿರು" ಎಂದರೆ, ಅಲ್ಲಿಂದ ಎದ್ದುಬಿಡು. ಅವರ ಅಪ್ಪಣೆಗೆ ಕಾಯಬೇಡ. ಬಾಗಿಲೇ ಇಲ್ಲದ ಕಡೆಯಿಂದ ಹೊರಬಂದವಳು ನೀನು.

ಚೆನ್ನಾಗಿರು. ಬೇಕಾದ ಕಡೆ ಹೋಗು.

ನಿನ್ನನ್ನು ಎಲ್ಲರಿಗಿಂತ ಮೊದಲು ಮುಟ್ಟಿದವಳು