ಎಂಟು ನಿಮಿಷ ಮುಂದೆ

ಮಧುರೆ
೧೨ ಫೆಬ್ರವರಿ ೧೯೯೧

ಪ್ರಮೋದಾ,

ಯುಗಾದಿಗೆ ತವರಿನಿಂದ ವಾಪಸ್ ಬರುತ್ತೇನೆಂದು ಬರೆದಿದ್ದೀಯ. ಅನುಗೊಂಡನಹಳ್ಳಿಯಲ್ಲಿ ಬಸ್ಸು ಹತ್ತುವ ಮೊದಲು ಇದನ್ನು ಓದು.

ಸ್ಟಾಫ್ ರೂಮಿನ ನಮ್ಮ ಮೊದಲ ಜಗಳ ನೆನಪಿದೆಯಾ? ಭೌತಶಾಸ್ತ್ರದ ಸಮೀಕರಣದಲ್ಲಿ ಕಾಲ ಹಿಂದಕ್ಕೂ ಓಡಬಹುದು, ಮುಂದಕ್ಕೂ ಓಡಬಹುದು ಎಂದು ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದ್ದೆ. ಫಿಲಾಸಫಿ ಮೇಡಂ ನೀನು, “ಎಲ್ಲಾ ಸರಿ ಸಾರ್, ಅದರಲ್ಲಿ ‘ಈಗ’ ಅನ್ನೋದು ಎಲ್ಲಿದೆ ತೋರ್ಸಿ” ಎಂದು ಕೇಳಿದ್ದೆ. ತೋರಿಸಲಾಗಲಿಲ್ಲ, ಮದುವೆಯಾದೆ.

ಅಪ್ಪ ಸತ್ತ ಬೆಳಿಗ್ಗೆ ಪಂಚಾಂಗದ ವೆಂಕಟರಾಯಪ್ಪನವರು ಪ್ರಾಣ ಹೋದ ಗಳಿಗೆ ಕೇಳಿದರು. ಕೈಗಡಿಯಾರ ನೋಡಿಕೊಂಡಿದ್ದೆ: ಏಳು ಒಂಬತ್ತು. “ಫಿಜಿಕ್ಸ್ ಮೇಷ್ಟ್ರು ಹೇಳಿದ್ಮೇಲೆ ಮುಗೀತು ಬಿಡ್ರಪ್ಪ” ಎಂದರು. ಏಳು ಐದಕ್ಕೆ ಧನಿಷ್ಠಾ ನಕ್ಷತ್ರ ಹುಟ್ಟಿತ್ತು. ಅದರಲ್ಲಿ ಸತ್ತರೆ ಆರು ತಿಂಗಳು ಮನೆ ಮುಚ್ಚಬೇಕು. ಮುಚ್ಚಿದೆವು. ಎರಡು ತಿಂಗಳ ಪಾಪುವನ್ನು ಎತ್ತಿಕೊಂಡು ನೀನೂ ರೇಷ್ಮೆಹುಳು ಸಾಕುವ ತಗಡಿನ ಶೆಡ್ಡಿಗೆ ಬಂದೆ. ಡಿಸೆಂಬರ್ ಚಳಿ. ಹನ್ನೊಂದನೆಯ ದಿನ ಪಾಪುವಿನ ಉಸಿರು ನಿಂತಿತು. ಆ ಗಳಿಗೆಯನ್ನು ಯಾರೂ ಕೇಳಲಿಲ್ಲ.

ಬಚ್ಚಿಟ್ಟದ್ದು ಇದು. ಕಾಲೇಜಿನ ಬಸ್ಸು ತಪ್ಪಬಾರದೆಂದು ನನ್ನ ಗಡಿಯಾರವನ್ನು ನಾನೇ ಎಂಟು ನಿಮಿಷ ಮುಂದಿಟ್ಟಿದ್ದೆ. ಅಪ್ಪ ಹೋದದ್ದು ಏಳು ಒಂದಕ್ಕೆ. ಧನಿಷ್ಠೆ ಹುಟ್ಟಿರಲೇ ಇಲ್ಲ. ಅಪ್ಪನಿಗೆ ಮಣ್ಣು ಹಾಕುವಾಗ ಅದು ನೆನಪಾಯಿತು. ಬಾಯಿ ತೆರೆದೆ ಕೂಡ. ಹಿಂದೆ ನನ್ನ ವಿದ್ಯಾರ್ಥಿಗಳು ಸಾಲಾಗಿ ನಿಂತಿದ್ದರು. ಮೇಷ್ಟ್ರ ಗಡಿಯಾರವೇ ಸುಳ್ಳಂತೆ ಎಂದು ನಗುತ್ತಾರಲ್ಲ ಎಂದು ಮುಚ್ಚಿಕೊಂಡೆ. ನೀನು ಕೇಳಿದ ‘ಈಗ’ ಅಲ್ಲಿತ್ತು.

ಶೆಡ್ಡಿನಲ್ಲಿ ನೀನು, “ರೀ, ಇದನ್ನೆಲ್ಲ ನಂಬ್ತೀರಾ?” ಎಂದಾಗ ತಮಾಷೆ ಮಾಡಿ ತೇಲಿಸಿದೆ. ನಂಬಿದ್ದರೆ ಗಳಿಗೆ ತಿದ್ದಬೇಕಿತ್ತು, ನಂಬದಿದ್ದರೆ ಬೀಗ ತೆಗೆಯಬೇಕಿತ್ತು. ಎರಡೂ ಮಾಡಲಿಲ್ಲ.

ಪಾಪುವಿನ ವಿಧಿ ಎಂದು ನಿನ್ನನ್ನು ನೀನೇ ಸಮಾಧಾನ ಮಾಡಿಕೊಂಡು ಬರುತ್ತಿದ್ದೀಯ. ವಿಧಿಯಲ್ಲ, ನಾನು. ಈಗ ಬರುವುದು ಬಿಡುವುದು ನಿನ್ನದು.

ನಿನ್ನ,
ಭಾನುಪ್ರಕಾಶ್

ತಾ.ಕ.: ನಿನ್ನೆ ಅಮ್ಮನಿಗೂ ಹೇಳಿದೆ. ಮೊರದಿಂದ ಕಣ್ಣೆತ್ತದೆ, “ನಂಗೊತ್ತಿತ್ತು ಕಣಪ್ಪಾ. ನೀನು ಅವರ ಕಣ್ಣು ಮುಚ್ಚಿದ್ಮೇಲೆ ಪಕ್ಕದ ಮನೆ ರೇಡಿಯೋದಲ್ಲಿ ಏಳೂ ಐದರ ವಾರ್ತೆ ಶುರುವಾಯ್ತು. ನಾಕು ಜನದ ಮುಂದೆ ನಿನ್ ಮರ್ಯಾದೆ ಯಾಕೆ ಕಳೀಲಿ ಅಂತ ಸುಮ್ಕಾದೆ” ಎಂದಳು. ಈ ಕಾಗದ ಹಾಕಬೇಡ ಎಂದು ಶೆಡ್ಡಿನ ಬಾಗಿಲಿಗೆ ಅಡ್ಡ ಕೂತಿದ್ದಾಳೆ. ದಾಟಿಕೊಂಡು ಹೋಗಿ ಹಾಕುತ್ತೇನೆ.