ಕಂಬದ ಬುಡದ ಹುಲ್ಲು

ಅಕ್ಟೋಬರ್ 7, ಬೆಳಿಗ್ಗೆ

ಭಾವಿಕೇರಿ. ಕರೆಂಟು ಲೈನ್ ಇನ್‌ಸ್ಪೆಕ್ಷನ್. ಕಾರವಾರದಿಂದ ಮೊದಲ ಬಸ್ಸು. ಆಯಿ ಕಟ್ಟಿಕೊಟ್ಟ ಪೋಳೆ — ದೋಸೆ — ಬಸ್ಸಿನಲ್ಲೇ ಖಾಲಿ. ಸೆಕ್ಷನ್ ಆಫೀಸಿನ ಇಂಜಿನಿಯರ್ ಅಂತ ಹೆಸರು ಅಷ್ಟೆ, ದಿನವೆಲ್ಲ ಕತ್ತೆತ್ತಿ ನಡೆಯುವ ಕೆಲಸ.

ಇಲ್ಲಿ ಕರು ಸಾಕಿಕೊಂಡಿರುವ ನಾಗಕ್ಕ ಅನ್ನುವವಳ ಅಂಗಳದ ಕಬ್ಬಿಣದ ಕಂಬ ಚಿರ್ ಚಿರ್ ಅನ್ನುತ್ತಿದೆ. ಇನ್ನೂ ಒಂದು ವಿಚಿತ್ರ — ಕರು ಅಂಗಳವನ್ನೆಲ್ಲ ಮೇಯ್ದು ಬೋಳು ಮಾಡಿದೆ, ಕಂಬದ ಸುತ್ತ ಮಾತ್ರ ಹುಲ್ಲು ಸೊಂಪಾಗಿದೆ. ಯಾಕೆ?

“ಅದ್ಕೆ ಆ ಹುಲ್ಲು ಬ್ಯಾಡ ತಂಗೀ,” ಅಂದಳು ನಾಗಕ್ಕ. “ಹತ್ರ ಹೋಗ್ತದೆ, ಹಿಂದೆ ಹಾರ್ತದೆ. ಸೊಕ್ಕು!”

ಸೊಕ್ಕಂತೆ! ನನಗೇನೋ ಅನುಮಾನ.

ಅದೇ ದಿನ, ಮಧ್ಯಾಹ್ನ

ಬಿಸಿಲೇರಿದ ಮೇಲೆ ಸದ್ದಿಲ್ಲ. ದುರ್ಬೀನಿನಲ್ಲಿ ನೋಡಿದೆ. ಮೇಲಿನ ಪಿಂಗಾಣಿ ಇನ್ಸುಲೇಟರ್ ಬಿರುಕು ಬಿಟ್ಟಿದೆ, ಮೈತುಂಬ ಸಮುದ್ರದ ಉಪ್ಪು. ಇಬ್ಬನಿ ಬಿದ್ದಾಗ ಕರೆಂಟು ಕಂಬದಲ್ಲಿ ಇಳಿದು ನೆಲಕ್ಕೆ ಬರುತ್ತದೆ. ಕರುವಿಗೆ ಕಾಲಲ್ಲಿ ಗೊತ್ತಾಗಿದೆ!

ಕಂಬಕ್ಕೆ ಕೆಂಪು ಪೇಂಟಿನಲ್ಲಿ ಗುರುತು ಹಾಕಿದೆ. ನಮ್ಮಲ್ಲಿ ಹಾಗೇ — ನೋಡಿದವರು ಗುರುತು ಹಾಕುವುದು, ರಿಪೇರಿ ಗ್ಯಾಂಗಿನವರು ಗುರುತು ಹುಡುಕಿ ಹತ್ತುವುದು. “ಕಂಬ ಮುಟ್ಟಬೇಡ ನಾಗಕ್ಕ, ಕರು ಆಚೆ ಕಟ್ಟು” ಅಂದೆ. ಅವಳು ಆ ಕೆಂಪನ್ನೇ ನೋಡುತ್ತ ನಿಂತಳು. ಅಷ್ಟು ಮಾತಾಡುವವಳು ಒಮ್ಮೆಲೇ ಸುಮ್ಮನಾದಳು. ಬಸ್ಸಿಗೆ ಹೊತ್ತಾಗಿತ್ತು...

ಅಕ್ಟೋಬರ್ 10

ಗ್ಯಾಂಗಿನ ಕಿಶನ ಫೋನ್ ಮಾಡಿದ. “ಮೇಡಂ, ಭಾವಿಕೇರೀಲಿ ಕೆಂಪು ಗುರ್ತಿನ ಕಂಬ ಎಲ್ಲ ಮುಗೀತು.” ಸದ್ಯ. ನಿರಾಳ.

ಅಕ್ಟೋಬರ್ 16, ಬೆಳಿಗ್ಗೆ

ಬೇರೆ ಕೆಲಸಕ್ಕೆ ಹೋದವಳು ಸುಮ್ಮನೆ ಆ ದಾರಿ ಹಿಡಿದೆ, ಕರು ಈಗ ಹುಲ್ಲು ತಿಂದಿದೆಯೋ ನೋಡೋಣ ಅಂತ. ಹುಲ್ಲು ಹಾಗೇ ಇದೆ. ಕಂಬ ಚಿರ್ ಚಿರ್.

ಗುರುತೇ ಇಲ್ಲ! ಕಂಬಕ್ಕೆ ಆಳೆತ್ತರ ಸುಣ್ಣ. ಹಬ್ಬದ ಸುಣ್ಣವೋ ಅಂದುಕೊಂಡೆ. ಆದರೆ ತುಳಸಿಕಟ್ಟೆಗೇ ಇನ್ನೂ ಬಳಿದಿಲ್ಲ. ಕಂಬಕ್ಕೆ ಮಾತ್ರ ಯಾಕೆ?

ಮೊದಲು ಫೋನ್ ಮಾಡಿ ಲೈನ್ ಆಫ್ ಮಾಡಿಸಿದೆ. ಆಮೇಲೆ ಕೇಳಿದೆ.

“ಅಪ್ಪನ ಮನೆ ಗೋಡಿಗೂ ಇಂಥಾದೇ ಕೆಂಪು ಗುರ್ತು ಹಾಕ್ಕಂಡ್ ಹೋಗಿದ್ರು,” ಅಂದಳು ನಾಗಕ್ಕ. “ಆಮೇಲೆ ಮನೆನೂ ಇಲ್ಲ, ಕೇರಿನೂ ಇಲ್ಲ. ಸರ್ಕಾರದವ್ರು ಜಾಗ ಬೇಕಂತ ಎಲ್ಲಾ ಎಬ್ಬಿಸಿದ್ರು. ಇಲ್ಲಿಂದ ನಾ ಏಳೂದಿಲ್ಲ ತಂಗೀ.”

ಬಳಿಯುವಾಗ ಒದ್ದೆ ಸುಣ್ಣ, ಬರಿಗಾಲು, ಕೈ ಕಂಬದ ಮೇಲೆ. ಆವತ್ತು ನಾನು ಹೋದ ಮೇಲೆ, ಮಧ್ಯಾಹ್ನ ಬಳಿದಳಂತೆ. ಬೆಳಿಗ್ಗೆ ಇಬ್ಬನಿಯಲ್ಲಿ ಬಳಿದಿದ್ದರೆ? ಹುಲ್ಲಿಗೆ ಯಾಕೆ ಅಂತ ಕೇಳಿದೆ, ಸದ್ದಿಗೆ ಯಾಕೆ ಅಂತ ಕೇಳಿದೆ. ನಾಗಕ್ಕ ಯಾಕೆ ಸುಮ್ಮನಾದಳು ಅಂತ ಕೇಳಲಿಲ್ಲ. ನಾಚಿಕೆಯಾಯಿತು.

ಫೋನಿನಲ್ಲಿ ಕಿಶನನ ಮೇಲೆ ರೇಗಿದೆ. “ಗುರ್ತೇ ಇಲ್ಲಾಂದ್ರೆ ಯಾವ ಕಂಬ ಹತ್ತೂದು ಮೇಡಂ?” ಅಂದ. ಅವನದೂ ಸರಿಯೇ.

ಮತ್ತೆ ಗುರುತು ಹಾಕಿದೆ. ಈ ಸಲ ಅವಳನ್ನು ಪಕ್ಕ ನಿಲ್ಲಿಸಿಕೊಂಡು — ಇದು ರಿಪೇರಿಗೆ, ಎಬ್ಬಿಸಲಿಕ್ಕಲ್ಲ. ನಂಬಿದಳೋ ಇಲ್ಲವೋ. ಗ್ಯಾಂಗಿನ ಜೀಪು ಬರುವ ತನಕ ಅಂಗಳ ಬಿಟ್ಟು ಕದಲಲಿಲ್ಲ. ಸಂಜೆಯೊಳಗೆ ಹೊಸ ಇನ್ಸುಲೇಟರ್.

ಅಕ್ಟೋಬರ್ 18, ಬೆಳಿಗ್ಗೆ

ಇಬ್ಬನಿ ಜೋರು. ಕಂಬ ಸುಮ್ಮನಿದೆ. ಕರು ಬುಡದ ತನಕ ಹೋಗಿ ಮೂಸಿತು, ನಿಂತಿತು... ಬಾಯಿ ಹಾಕಿತು! ನಾನೂ ನಾಗಕ್ಕನೂ ಒಟ್ಟಿಗೇ ನಕ್ಕೆವು.

ಅವಳು ಒಳಗೆ ಹೋಗಿ ಸುಣ್ಣದ ಬಾಲ್ದಿ ತಂದಳು. “ಕರೆಂಟಿನ ಕೆಲ್ಸ ಮುಗೀತಲ್ಲ? ಇನ್ನ್ ಅಳಿಸ್ಬಹುದಾ?”

“ಅಳಿಸು ನಾಗಕ್ಕ.”

ಬ್ರಶ್ಶು ನನ್ನ ಕಡೆಗೆ ಚಾಚಿದಳು. “ನೀನೇ ಹಾಕಿದ್ದಲ್ಲ. ನೀನೇ ಅಳ್ಸು. ನಾ ನೋಡ್ತೆ.”

ತೆಗೆದುಕೊಂಡೆ. ಒಂದು ಕೈ ಬಳಿದೆ, ಕೆಂಪು ಇನ್ನೂ ಕಾಣುತ್ತಿತ್ತು. ಇನ್ನೊಂದು ಕೈ ಬಳಿದೆ, ಕೆಂಪು ಮುಚ್ಚಿತು.